ಲೇತ್ ಮತ್ತು ಟರ್ನಿಂಗ್ ಸೆಂಟರ್: ಲಕ್ಷಣ ನೋಡಿ ದೋಷ ಹುಡುಕುವ ಬಗೆ

ನಿನ್ನೆ ಸಂಜೆವರೆಗೂ ಸರಿಯಾಗಿ ಬರುತ್ತಿದ್ದ ಜಾಬ್ ಇವತ್ತು 0.03 ಮಿ.ಮೀ. ದಪ್ಪ ಬರುತ್ತಿದೆ. ಪ್ರೋಗ್ರಾಂ ಅದೇ, ಮೆಟೀರಿಯಲ್ ಅದೇ, ಆಪರೇಟರ್ ಕೂಡ ಅವರೇ. ಇಂಥ ಹೊತ್ತಲ್ಲಿ ಎಲ್ಲರ ಬಾಯಿಂದ ಬರುವ ಮೊದಲ ಮಾತು "ಮಷೀನ್ ಹೋಯ್ತು" ಅಂತ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಸಲ ಮಷೀನ್ ಹೋಗಿರುವುದಿಲ್ಲ. ಇನ್ಸರ್ಟ್ (ಟೂಲ್ ತುದಿಯ ಬದಲಿಸಬಹುದಾದ ಕೊಯ್ಯುವ ತುಣುಕು) ಕೆಳಗೆ ಒಂದು ಚೂರು ಚಿಪ್ (ಕೊಯ್ದ ಲೋಹದ ಸಿಪ್ಪೆ) ಸಿಕ್ಕಿಕೊಂಡಿರುತ್ತದೆ. ಇಲ್ಲವೇ ಜಾಬ್ ಹಿಡಿಯುವ ಚಕ್‌ನ ಹಲ್ಲು, ಅಂದರೆ ಜಾ, ಸವೆದಿರುತ್ತದೆ.

ಅದಕ್ಕೇ ಹುಡುಕಾಟಕ್ಕೆ ಒಂದು ಕ್ರಮ ಬೇಕು. ಮೊದಲು ಅಳತೆ, ಆಮೇಲೆ ಇನ್ಸರ್ಟ್, ಆಮೇಲೆ ಹೋಲ್ಡರ್, ಆಮೇಲೆ ಜಾಬ್ ಹಿಡಿದಿರುವ ರೀತಿ. ಇಷ್ಟೂ ಸರಿ ಅಂತ ಖಾತ್ರಿ ಆದ ಮೇಲಷ್ಟೇ ಮಷೀನಿನ ಮೇಲೆ ಅನುಮಾನ ಪಡಿ. ಪ್ಯಾರಾಮೀಟರ್ (ಕಂಟ್ರೋಲ್ ಒಳಗಿನ ಸೆಟ್ಟಿಂಗ್ ಅಂಕಿ) ಮುಟ್ಟುವುದು ಕಟ್ಟಕಡೆಗೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಒಂದು ಜಾಬ್ ಮಾಡಿ, ಅಳೆದು ಬರೆದಿಡಿ. ಸ್ಪೀಡ್, ಫೀಡ್ (ಒಂದು ಸುತ್ತಿಗೆ ಟೂಲ್ ಸರಿಯುವ ದೂರ), ಇನ್ಸರ್ಟ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಹೋದರೂ ಯಾಕೆ ಹೋಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ವಾರ ಅದೇ ತೊಂದರೆ ಮತ್ತೆ ಬರುತ್ತದೆ.

## ಕೈ ಹಾಕುವ ಮೊದಲು

ಬಾಗಿಲಿನ ಇಂಟರ್‌ಲಾಕ್ ಅನ್ನು ಯಾವ ಕಾರಣಕ್ಕೂ ಬೈಪಾಸ್ ಮಾಡಬೇಡಿ. "ಒಂದೇ ನಿಮಿಷ ಒಳಗೆ ನೋಡಬೇಕು" ಅನ್ನುವ ಕಾರಣಕ್ಕೂ ಬೇಡ. ತಿರುಗುವ ಚಕ್ ಹತ್ತಿರ ಗ್ಲೌಸ್, ಸಡಿಲ ತೋಳು, ಉಂಗುರ, ಸರ ಯಾವುದೂ ಇರಬಾರದು. ಮಾಮೂಲಿ ಲೇತಿನಲ್ಲಿ ಚಕ್ ಕೀ ಕೈಯಲ್ಲಿರಬೇಕು ಇಲ್ಲವೇ ಸ್ಟ್ಯಾಂಡಿನಲ್ಲಿರಬೇಕು. ಚಕ್‌ನಲ್ಲಿ ಬಿಟ್ಟು ಕೈ ತೆಗೆಯಲೇಬಾರದು.

ಬೆಲ್ಟ್, ಕಪ್ಲಿಂಗ್ (ಮೋಟಾರ್ ಮತ್ತು ಸ್ಕ್ರೂ ಸೇರಿಸುವ ಕೊಂಡಿ), ಟರೆಟ್ (ಟೂಲ್‌ಗಳನ್ನು ಹಿಡಿದು ತಿರುಗಿ ಬದಲಿಸುವ ತಲೆ) ಒಳಗೆ ಕೈ ಹಾಕುವಾಗ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ. ಕೀ ನಿಮ್ಮ ಜೇಬಿನಲ್ಲೇ ಇರಲಿ. ಸಪ್ಲೈ ಆಫ್ ಆದರೂ ಡ್ರೈವ್ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಸ್ವಲ್ಪ ಹೊತ್ತು ಉಳಿದಿರುತ್ತದೆ. ಮ್ಯಾನ್ಯುಯಲ್ ಹೇಳುವಷ್ಟು ಹೊತ್ತು ಕಾಯಿರಿ, ಚಾರ್ಜ್ ದೀಪ ಆರಿದೆಯಾ ನೋಡಿ. ಹೈಡ್ರಾಲಿಕ್ ಪ್ರೆಷರ್ ಕೂಡ ತಾನಾಗಿ ಇಳಿಯುವುದಿಲ್ಲ, ಇಳಿಸಬೇಕು. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ಸ್ಲ್ಯಾಂಟ್ ಬೆಡ್ ಮಷೀನಿನಲ್ಲಿ ಎಕ್ಸ್ ಆಕ್ಸಿಸ್ (ಟೂಲ್ ಜಾಬಿನ ಹತ್ತಿರ, ದೂರ ಸರಿಯುವ ದಾರಿ) ಇಳಿಜಾರಿನಲ್ಲಿರುತ್ತದೆ. ಮೋಟಾರ್ ಅಥವಾ ಕಪ್ಲಿಂಗ್ ಬಿಚ್ಚಿದರೆ ಇಡೀ ಟರೆಟ್ ಜಾರಿ ಕೆಳಗೆ ಬರುತ್ತದೆ. ಮರದ ದಿಮ್ಮಿ ಕೊಟ್ಟು ನಿಲ್ಲಿಸದೆ ಆ ಕೆಲಸಕ್ಕೆ ಹೋಗಬೇಡಿ.

## ಸೈಜ್ ಒಂದೇ ಸಮ ನಿಲ್ಲುತ್ತಿಲ್ಲ

ಅತಿ ಹೆಚ್ಚು ಕೇಳಿಬರುವ ದೂರು ಇದು. ಆಫ್‌ಸೆಟ್ (ಸೈಜ್ ತಿದ್ದಲು ಕಂಟ್ರೋಲ್‌ಗೆ ಕೊಡುವ ಅಂಕಿ) ಮುಟ್ಟದೆ ಸಾಲಾಗಿ ಹತ್ತು ಜಾಬ್ ಮಾಡಿ. ಮಾಡಿದ ಕ್ರಮದಲ್ಲೇ ಸೈಜ್ ಬರೆದುಕೊಳ್ಳಿ. ಈ ಹತ್ತು ಅಂಕಿಗಳೇ ಅರ್ಧ ಉತ್ತರ ಹೇಳಿಬಿಡುತ್ತವೆ.

ಸೈಜ್ ಒಂದೇ ದಿಕ್ಕಿಗೆ ಮೆಲ್ಲಗೆ ಸರಿಯುತ್ತಿದ್ದರೆ ಎರಡು ಅನುಮಾನ: ಇನ್ಸರ್ಟ್ ಸವೆತ ಅಥವಾ ಬಿಸಿ. ಇನ್ಸರ್ಟ್ ಸವೆದರೆ ಹೊರ ವ್ಯಾಸ ದೊಡ್ಡದಾಗುತ್ತಾ ಹೋಗುತ್ತದೆ, ಬೋರ್ (ಒಳ ರಂಧ್ರ) ಚಿಕ್ಕದಾಗುತ್ತಾ ಹೋಗುತ್ತದೆ. ಹೊಸ ಅಂಚು ತಿರುಗಿಸಿದ ಕೂಡಲೇ ಸೈಜ್ ಮೊದಲಿನ ಜಾಗಕ್ಕೆ ಬರುತ್ತದೆ. ಬಿಸಿಯ ನಡವಳಿಕೆ ಬೇರೆ. ಬೆಳಿಗ್ಗೆ ಜಾಸ್ತಿ ಸರಿಯುತ್ತದೆ, ಮಷೀನ್ ಓಡಿ ಕಾದ ಮೇಲೆ ನಿಲ್ಲುತ್ತದೆ. ಊಟದ ಬಿಡುವು ಮುಗಿಸಿ ಬಂದರೆ ಮತ್ತೆ ಸರಿಯಲು ಶುರು ಮಾಡುತ್ತದೆ. ಬಿಡುವಿನ ನಂತರದ ಮೊದಲ ಜಾಬ್ ಬೇರೆ ಸೈಜ್ ಬಂತು ಅಂದರೆ ನನಗೆ ಮೊದಲು ಬರುವ ಅನುಮಾನ ಬಿಸಿಯ ಮೇಲೇ.

ಉಕ್ಕು 1 ಮೀಟರ್ ಉದ್ದಕ್ಕೆ, 1 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 11 ರಿಂದ 12 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ 0.001 ಮಿ.ಮೀ.) ಹಿಗ್ಗುತ್ತದೆ. ಆಕ್ಸಿಸ್ ಸರಿಸುವ ಬಾಲ್ ಸ್ಕ್ರೂ ಓಡಿದಂತೆ ಕಾಯುತ್ತದೆ, ಕಾದಂತೆ ಉದ್ದವಾಗುತ್ತದೆ. ಎಕ್ಸ್ ಆಕ್ಸಿಸ್‌ನಲ್ಲಿ 5 ಮೈಕ್ರಾನ್ ಸರಿದರೆ ವ್ಯಾಸದಲ್ಲಿ 10 ಮೈಕ್ರಾನ್ ಆಗುತ್ತದೆ. ಇದಕ್ಕೆ ಔಷಧ ಸುಲಭ: ಶಿಫ್ಟ್ ಶುರುವಿನಲ್ಲಿ 15-20 ನಿಮಿಷ ಸ್ಪಿಂಡಲ್ (ಚಕ್ ಕೂತಿರುವ ಶಾಫ್ಟ್) ತಿರುಗಿಸಿ, ಎರಡೂ ಆಕ್ಸಿಸ್ ಓಡಾಡಿಸುವ ವಾರ್ಮ್ ಅಪ್ ಪ್ರೋಗ್ರಾಂ ಇಟ್ಟುಕೊಳ್ಳಿ.

ಜಾಬ್ ಕೂಡ ಬಿಸಿಯಾಗಿರುತ್ತದೆ ಅನ್ನುವುದನ್ನು ಮರೆಯಬೇಡಿ. 50 ಮಿ.ಮೀ. ಉಕ್ಕಿನ ಜಾಬ್ 20 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಸುಮಾರು 0.011 ಮಿ.ಮೀ. ದಪ್ಪ ತೋರಿಸುತ್ತದೆ. ಅಲ್ಯೂಮಿನಿಯಂ ಆದರೆ ಅದರ ಎರಡರಷ್ಟು. ಮಷೀನಿನಿಂದ ತೆಗೆದ ಕೂಡಲೇ ಅಳೆದು ಆಫ್‌ಸೆಟ್ ಕೊಟ್ಟರೆ, ತಣ್ಣಗಾದ ಮೇಲೆ ಜಾಬ್ ಚಿಕ್ಕದಾಗಿ ರಿಜೆಕ್ಟ್ ಆಗುತ್ತದೆ. ತಪ್ಪು ಮಷೀನಿನದ್ದಲ್ಲ, ನಾವು ಅಳೆದ ಹೊತ್ತಿನದ್ದು.

ಅಂಕಿಗಳು ಹಿಂದೆ ಮುಂದೆ ಕುಣಿಯುತ್ತಿದ್ದರೆ ಎಲ್ಲೋ ಏನೋ ಸಡಿಲ ಇದೆ ಅಂತ ಅರ್ಥ. ಇನ್ಸರ್ಟ್ ಬಿಚ್ಚಿ, ಕೂರುವ ಜಾಗ ಒರೆಸಿ, ಕೆಳಗಿನ ಶಿಮ್ ಒಡೆದಿದೆಯಾ ನೋಡಿ. ಸ್ಕ್ರೂ ದಾರ ಸವೆದಿದ್ದರೆ ಎಷ್ಟು ಬಿಗಿದರೂ ಇನ್ಸರ್ಟ್ ಅಲುಗಾಡುತ್ತದೆ. ಹಾಗಂತ ಕಂಡಾಪಟ್ಟೆ ಬಿಗಿಯಲೂಬೇಡಿ. ಆಮೇಲೆ ಹೋಲ್ಡರ್ ವೆಡ್ಜ್ ನೋಡಿ. ನಂತರ ಟರೆಟ್ ಸರಿಯಾಗಿ ಲಾಕ್ ಆಗುತ್ತಿದೆಯಾ ನೋಡಿ. ಡಯಲ್ (ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಗೇಜ್) ಅನ್ನು ಟೂಲ್ ಹೋಲ್ಡರ್‌ಗೆ ತಾಗಿಸಿ ಸೊನ್ನೆ ಮಾಡಿ, ಆಕ್ಸಿಸ್ ದೂರ ಸರಿಸಿ, ಟರೆಟ್ ಒಂದು ಸುತ್ತು ಇಂಡೆಕ್ಸ್ ಮಾಡಿ, ಅದೇ ಜಾಗಕ್ಕೆ ತನ್ನಿ. ಹೀಗೆ ಐದಾರು ಸಲ. ಡಯಲ್ ಪ್ರತಿ ಸಲ 2-3 ಮೈಕ್ರಾನ್ ಒಳಗೇ ಬಂದರೆ ಟರೆಟ್ ಬಿಟ್ಟು ಮುಂದೆ ಹೋಗಿ.

ಈಗ ಬ್ಯಾಕ್‌ಲ್ಯಾಶ್, ಅಂದರೆ ದಿಕ್ಕು ಬದಲಿಸಿದಾಗ ವ್ಯರ್ಥವಾಗುವ ಚಲನೆ. ಡಯಲ್ ಅನ್ನು ಟರೆಟ್‌ಗೆ ತಾಗಿಸಿ. ಹ್ಯಾಂಡ್‌ವೀಲ್ ಅನ್ನು ಒಂದು ಕ್ಲಿಕ್‌ಗೆ 0.001 ಮಿ.ಮೀ. ಸೆಟ್ಟಿಂಗಿಗೆ ಇಡಿ. ಒಂದೇ ದಿಕ್ಕಿಗೆ ತಿರುಗಿಸಿ, ಡಯಲ್ ಮುಳ್ಳು ಚಲಿಸಲು ಶುರುವಾದ ಮೇಲೆ ಸೊನ್ನೆ ಮಾಡಿ. ಈಗ ಹಿಂದಕ್ಕೆ ತಿರುಗಿಸಿ. ಮುಳ್ಳು ಅಲುಗುವ ಮೊದಲು ಎಷ್ಟು ಕ್ಲಿಕ್ ವ್ಯರ್ಥವಾಯಿತೋ ಅದೇ ಕಳೆದುಹೋದ ಚಲನೆ. ಅದು ಪ್ರತಿ ಸಲ ಒಂದೇ ಆಗಿದ್ದರೆ ಸ್ಕ್ರೂ ಅಥವಾ ನಟ್ ಸವೆತ ಇರಬಹುದು. ಒಂದೊಂದು ಸಲ ಒಂದೊಂದು ಬಂದರೆ ಕಪ್ಲಿಂಗ್ ಇಲ್ಲವೇ ಬೇರಿಂಗ್ ನಟ್ ಸಡಿಲ.

ಇಲ್ಲಿ ಒಂದು ಅನುಭವ ಹೇಳಲೇಬೇಕು. ಒಂದು ಮಷೀನಿನಲ್ಲಿ ಎಕ್ಸ್ ಸೈಜ್ ಕುಣಿಯುತ್ತಿತ್ತು. ಬ್ಯಾಕ್‌ಲ್ಯಾಶ್ ಪ್ಯಾರಾಮೀಟರ್ ಏರಿಸಿದೆವು. ಫಾನುಕ್ ಕಂಟ್ರೋಲ್‌ನಲ್ಲಿ ಅದು 1851ನೇ ನಂಬರ್. ಎರಡು ದಿನ ಸರಿ ಇತ್ತು, ಮೂರನೇ ದಿನ ಇನ್ನೂ ಕೆಟ್ಟಿತು. ಕೊನೆಗೆ ಕವರ್ ಬಿಚ್ಚಿ ನೋಡಿದರೆ ಕಪ್ಲಿಂಗ್ ಸ್ಕ್ರೂ ಸಡಿಲವಾಗಿತ್ತು. ಬಿಗಿದ ಮೇಲೆ ಹಳೆಯ ಅಂಕಿಯೇ ಸರಿಯಾಯಿತು. ಪ್ಯಾರಾಮೀಟರ್ ಇರುವುದು ಚಿಕ್ಕ, ಸ್ಥಿರ ಸವೆತವನ್ನು ತುಂಬುವುದಕ್ಕೆ. ಸಡಿಲವಾದುದನ್ನು ಅದು ಬಿಗಿಯುವುದಿಲ್ಲ. ಬದಲಿಸುವ ಮೊದಲು ಹಳೆಯ ಅಂಕಿ ಬರೆದಿಡುವುದನ್ನು ಮಾತ್ರ ತಪ್ಪಿಸಬೇಡಿ.

ಬಾಲ್ ಸ್ಕ್ರೂ, ನಟ್, ಅದರ ಬೇರಿಂಗ್ ಬದಲಿಸುವ ಹಂತ ಬಂದರೆ ಅಲ್ಲಿಗೆ ನಿಲ್ಲಿಸಿ, ಸರ್ವಿಸ್ ಎಂಜಿನಿಯರ್ ಕರೆಯಿರಿ.

## ಒಂದು ತುದಿ ದಪ್ಪ, ಒಂದು ತುದಿ ಸಣ್ಣ

ಟೇಪರ್ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ: ಜಾಬ್ ಬಾಗುತ್ತಿದೆಯಾ, ಇಲ್ಲ ಮಷೀನೇ ಓರೆ ಇದೆಯಾ? ಇದಕ್ಕೆ ಖರ್ಚಿಲ್ಲದ ಪರೀಕ್ಷೆ ಇದೆ. ಆಫ್‌ಸೆಟ್ ಬದಲಿಸದೆ ಅದೇ ಫಿನಿಶ್ ಕಟ್ ಇನ್ನೊಂದು ಸಲ ಓಡಿಸಿ. ಎರಡನೇ ಸಲವೂ ತುದಿಯಲ್ಲಿ ಚಿಪ್ಸ್ ಬಂದರೆ ಮೊದಲ ಸಲ ಜಾಬ್ ಟೂಲಿನಿಂದ ದೂರ ಬಾಗಿತ್ತು ಅಂತ ಅರ್ಥ.

ಚಕ್‌ನಿಂದ ಹೊರಗೆ ಚಾಚಿದ ಉದ್ದ ವ್ಯಾಸದ ಮೂರರಷ್ಟಕ್ಕಿಂತ ಜಾಸ್ತಿ ಇದ್ದರೆ ಟೈಲ್‌ಸ್ಟಾಕ್ (ಜಾಬಿನ ಇನ್ನೊಂದು ತುದಿಗೆ ಆಧಾರ) ಕೊಡಿ. ಹತ್ತರಷ್ಟಾದರೆ ಟೈಲ್‌ಸ್ಟಾಕ್ ಒಂದೇ ಸಾಲದು, ನಡುವೆ ಆಧಾರ ಕೊಡುವ ಸ್ಟೆಡಿ ಬೇಕು. ಇವು ಕೆಲಸಕ್ಕೆ ಬರುವ ಅಂದಾಜುಗಳು, ಮೆಟೀರಿಯಲ್ ಮತ್ತು ಕಟ್ ನೋಡಿ ಹೆಚ್ಚು ಕಡಿಮೆ ಆಗುತ್ತವೆ. ಜಾಬಿನ ಆಕಾರವೂ ಸುಳಿವು ಕೊಡುತ್ತದೆ. ಬರೀ ಚಕ್‌ನಲ್ಲಿ ಹಿಡಿದಿದ್ದರೆ ಬಿಟ್ಟ ತುದಿ ದಪ್ಪ ಬರುತ್ತದೆ. ಎರಡೂ ಕಡೆ ಹಿಡಿದಿದ್ದರೆ ನಡುವೆ ಹೊಟ್ಟೆ ಬರುತ್ತದೆ.

ಬಾಗುವಿಕೆ ಅಲ್ಲ ಅಂತಾದರೆ ಟೈಲ್‌ಸ್ಟಾಕ್ ನೋಡಿ. ಟೈಲ್‌ಸ್ಟಾಕ್ ಕೊಟ್ಟಾಗ ಮಾತ್ರ ಟೇಪರ್ ಬರುತ್ತಿದ್ದರೆ ತಪ್ಪು ಅಲ್ಲೇ ಇದೆ. ಆ ಕಡೆ ದಪ್ಪ ಇದ್ದರೆ ಸೆಂಟರ್ ಟೂಲಿನಿಂದ ದೂರ ಸರಿದಿದೆ. ಎರಡು ತುದಿಗಳ ವ್ಯಾಸದ ವ್ಯತ್ಯಾಸದ ಅರ್ಧದಷ್ಟು ಟೂಲ್ ಕಡೆಗೆ ತನ್ನಿ. ವ್ಯತ್ಯಾಸ 0.04 ಇದ್ದರೆ ಸರಿಸಬೇಕಾದ್ದು 0.02. ಇಲ್ಲಿ ಪೂರ್ತಿ 0.04 ಸರಿಸಿ ಟೇಪರ್ ಉಲ್ಟಾ ಮಾಡಿಕೊಳ್ಳುವವರು ತುಂಬಾ ಜನ.

ಟೈಲ್‌ಸ್ಟಾಕ್ ಇಲ್ಲದೆಯೂ ಟೇಪರ್ ಬಂದರೆ ಎರಡು ಕಾಲರ್ ಪರೀಕ್ಷೆ ಮಾಡಿ. 40 ಮಿ.ಮೀ. ಆಸುಪಾಸಿನ ಗಟ್ಟಿ ಬಾರ್ ಅನ್ನು ಚಕ್‌ನಲ್ಲಿ ಹಿಡಿದು 120 ಮಿ.ಮೀ. ಹೊರಗೆ ಬಿಡಿ. ನಡುಭಾಗ ತೋಡಿ, ಚಕ್ ಹತ್ತಿರ ಒಂದು ಮತ್ತು ತುದಿಯಲ್ಲಿ ಒಂದು ಕಾಲರ್ ಉಳಿಸಿ. ಚೂಪಾದ ಟೂಲಿನಲ್ಲಿ, ಎರಡರ ಮೇಲೂ ಒಂದೇ ಸೆಟ್ಟಿಂಗಿನಲ್ಲಿ ತುಂಬಾ ತೆಳು ಕಟ್ ತೆಗೆದು ಅಳೆಯಿರಿ. ಕಟ್ ತೆಳು ಇದ್ದಾಗ ಬಾಗುವಿಕೆ ಲೆಕ್ಕಕ್ಕೇ ಬರುವುದಿಲ್ಲ. ಆಗಲೂ ವ್ಯತ್ಯಾಸ ಉಳಿದರೆ ಅದು ಸ್ಪಿಂಡಲ್ ಮತ್ತು ಬೆಡ್ ನಡುವಿನ ಓರೆ.

ಹೆಡ್‌ಸ್ಟಾಕ್ (ಸ್ಪಿಂಡಲ್ ಇರುವ ಭಾಗ) ಬೋಲ್ಟ್ ಬಿಚ್ಚುವ ಮೊದಲು ಮಟ್ಟ ನೋಡಿ. ಮೀಟರಿಗೆ 0.02 ಮಿ.ಮೀ. ಸೂಕ್ಷ್ಮತೆಯ ಲೆವೆಲ್ ಅನ್ನು ಬೆಡ್‌ಗೆ ಅಡ್ಡಲಾಗಿ ಚಕ್ ಕಡೆ ಒಮ್ಮೆ, ಟೈಲ್‌ಸ್ಟಾಕ್ ಕಡೆ ಒಮ್ಮೆ ಇಡಿ. ಎರಡೂ ಕಡೆ ಗುಳ್ಳೆ ಒಂದೇ ಜಾಗದಲ್ಲಿ ನಿಂತರೆ ಸಾಕು, ನಡುವೆಯೇ ನಿಲ್ಲಬೇಕು ಅಂತಿಲ್ಲ. ಎರಡು ಕಡೆ ಬೇರೆ ಬೇರೆ ಬಂದರೆ ಬೆಡ್ ತಿರುಚಿಕೊಂಡಿದೆ. ಮಷೀನ್ ಜಾಗ ಬದಲಿಸಿದ ಮೇಲೆ, ನೆಲ ಕುಸಿದ ಮೇಲೆ ಹೀಗಾಗುತ್ತದೆ. ಕಾಲಿನ ಸ್ಕ್ರೂ ಸರಿ ಮಾಡಿದರೆ ಎಷ್ಟೋ ಟೇಪರ್ ಅಲ್ಲಿಗೇ ಹೋಗುತ್ತವೆ. ಹೆಡ್‌ಸ್ಟಾಕ್ ತಿರುಗಿಸುವ ಕೆಲಸ ಮಾತ್ರ ಟೆಸ್ಟ್ ಬಾರ್ ಮತ್ತು ಅನುಭವ ಇದ್ದವರಿಗೆ ಬಿಡಿ.

## ಕಟ್ ಮಾಡುವಾಗ ಕಿರುಚುತ್ತದೆ, ಜಾಬ್ ಮೇಲೆ ಅಲೆ ಬೀಳುತ್ತದೆ

ಇಲ್ಲಿ ನಿಮ್ಮ ಕಿವಿಗಿಂತ ಒಳ್ಳೆಯ ಉಪಕರಣ ಇಲ್ಲ. ಸ್ಪೀಡ್ ಅನ್ನು 10-15 ಶೇಕಡಾ ಇಳಿಸಿ ಕೇಳಿ. ಸ್ಪೀಡ್ ಇಳಿದರೂ ಕಿರುಚುವ ಸ್ವರ ಅದೇ ಇದ್ದರೆ ಅದು ನಿಜವಾದ ಚಾಟರ್. ಟೂಲ್ ಅಥವಾ ಜಾಬ್ ತನ್ನದೇ ಸ್ವರದಲ್ಲಿ ನಡುಗುತ್ತಿದೆ. ಸ್ಪೀಡ್ ಜೊತೆಗೇ ಸ್ವರವೂ ಇಳಿದರೆ ತಿರುಗುವ ಭಾಗದಲ್ಲೇ ತೊಂದರೆ: ಬ್ಯಾಲೆನ್ಸ್ ತಪ್ಪಿದ ಜಾಬ್, ಬೆಲ್ಟ್, ಗೇರ್ ಅಥವಾ ಬೇರಿಂಗ್. ಈ ಒಂದು ಪರೀಕ್ಷೆ ಎಷ್ಟೋ ಗಂಟೆ ಉಳಿಸುತ್ತದೆ.

ನಿಜವಾದ ಚಾಟರ್ ಆಗಿದ್ದರೆ ಮೊದಲು ಚಾಚಿದ ಉದ್ದ ಕಡಿಮೆ ಮಾಡಿ. ಉದ್ದ ಎರಡರಷ್ಟಾದರೆ ಬಾಗುವಿಕೆ ಎಂಟರಷ್ಟಾಗುತ್ತದೆ. 10 ಮಿ.ಮೀ. ಒಳಗೆ ತಳ್ಳಿದರೂ ವ್ಯತ್ಯಾಸ ಕೇಳಿಸುತ್ತದೆ. ಉಕ್ಕಿನ ಬೋರಿಂಗ್ ಬಾರ್ ತನ್ನ ವ್ಯಾಸದ 4 ಪಟ್ಟಿನವರೆಗೆ, ಕಾರ್ಬೈಡ್ ಬಾರ್ 6 ಪಟ್ಟಿನವರೆಗೆ ಸಾಮಾನ್ಯವಾಗಿ ತಾಳುತ್ತದೆ. ಅದಕ್ಕಿಂತ ಆಳ ಹೋಗಬೇಕಾದರೆ ನಡುಕ ತಡೆಯುವ ವಿಶೇಷ ಬಾರ್ ಬೇಕು. ಹೋಲ್ಡರ್ ಒಳಗೆ ಹಿಡಿದ ಉದ್ದವೂ ವ್ಯಾಸದ 3-4 ಪಟ್ಟು ಇರಲಿ. ಎರಡು ಸ್ಕ್ರೂ ತುದಿಯಲ್ಲಿ ಒತ್ತಿ ಹಿಡಿಯುವುದಕ್ಕಿಂತ ಸುತ್ತಲೂ ತಬ್ಬಿಕೊಳ್ಳುವ ಸೀಳು ಸ್ಲೀವ್ ಎಷ್ಟೋ ಮೇಲು.

ಆಮೇಲೆ ಇನ್ಸರ್ಟ್. ನೋಸ್ ರೇಡಿಯಸ್ (ಇನ್ಸರ್ಟ್ ತುದಿಯ ದುಂಡಿನ ಅಳತೆ) 0.8 ಇದ್ದಲ್ಲಿ 0.4 ಹಾಕಿ ನೋಡಿ. ಕಟ್ ಆಳ ನೋಸ್ ರೇಡಿಯಸ್‌ಗಿಂತ ತುಂಬಾ ಕಡಿಮೆ ಇದ್ದರೆ ಟೂಲ್ ಜಾಬನ್ನು ಕೊಯ್ಯುವುದಕ್ಕಿಂತ ಜಾಸ್ತಿ ಹೊರಗೆ ತಳ್ಳುತ್ತದೆ. ಹೆದರಿ ಫೀಡ್ ಇಳಿಸುವುದು ಎಲ್ಲರ ಅಭ್ಯಾಸ. ಆದರೆ ಫೀಡ್ ತೀರಾ ಕಡಿಮೆಯಾದರೆ ಅಂಚು ಉಜ್ಜುತ್ತದೆ, ಚಾಟರ್ ಹೆಚ್ಚುತ್ತದೆ. ಸ್ವಲ್ಪ ಏರಿಸಿ ನೋಡಿ, ಶಬ್ದ ನಿಂತರೂ ನಿಲ್ಲಬಹುದು.

ಸಣ್ಣ ಶಾಫ್ಟ್‌ಗಳಲ್ಲಿ ಟೈಲ್‌ಸ್ಟಾಕ್ ಪ್ರೆಷರ್ ಜಾಸ್ತಿ ಆದರೂ ಜಾಬ್ ಬಿಲ್ಲಿನಂತೆ ಬಾಗಿ ನಡುಗುತ್ತದೆ.

## ಮಷೀನಿನಲ್ಲಿ ದುಂಡು, ಬಿಚ್ಚಿದ ಮೇಲೆ ದುಂಡಲ್ಲ

ತೆಳು ರಿಂಗ್, ಬುಶ್, ಪೈಪ್ ಮಾಡುವವರು ಇದನ್ನು ಗಮನವಿಟ್ಟು ಓದಿ. ಇದು ನಮ್ಮನ್ನು ಮೋಸಗೊಳಿಸುವ ದೋಷ.

ಮೂರು ಜಾ ಒತ್ತಿ ಹಿಡಿದಾಗ ತೆಳು ರಿಂಗ್ ಮೂರು ಕಡೆ ಒಳಗೆ ಕುಗ್ಗುತ್ತದೆ. ಹಾಗೆ ಕುಗ್ಗಿರುವಾಗಲೇ ನಾವು ಬೋರನ್ನು ದುಂಡಗೆ ಕೊಯ್ಯುತ್ತೇವೆ. ಜಾ ಬಿಟ್ಟ ಕೂಡಲೇ ರಿಂಗ್ ತನ್ನ ಮೊದಲಿನ ಆಕಾರಕ್ಕೆ ಹಿಗ್ಗುತ್ತದೆ, ಬೋರ್ ಮೂರು ಮೂಲೆಯದಾಗುತ್ತದೆ. ಮೋಸ ಇರುವುದು ಅಳತೆಯಲ್ಲಿ. ಮೂರು ಮೂಲೆಯ ಈ ಆಕಾರದಲ್ಲಿ ಒಂದು ಉಬ್ಬಿನ ಎದುರಿಗೆ ಒಂದು ತಗ್ಗು ಬರುತ್ತದೆ. ಹಾಗಾಗಿ ಎರಡು ಬಿಂದುವಿನಲ್ಲಿ ಅಳೆಯುವ ಮೈಕ್ರೋಮೀಟರ್ ಎಲ್ಲಿ ಹಿಡಿದರೂ ಹೆಚ್ಚು ಕಡಿಮೆ ಒಂದೇ ಸೈಜ್ ತೋರಿಸುತ್ತದೆ. ನಮ್ಮ ಪುಸ್ತಕದಲ್ಲಿ ಎಲ್ಲವೂ ಓಕೆ, ಜೋಡಿಸುವವರ ಕೈಯಲ್ಲಿ ಬೇರಿಂಗ್ ಕೂರುವುದಿಲ್ಲ. ಎರಡೂ ಕಡೆಯವರು ಅಳತೆ ತೋರಿಸಿಕೊಂಡು ಜಗಳ ಆಡುತ್ತಾರೆ. ನಿಜ ಹೇಳಬೇಕೆಂದರೆ ಇಬ್ಬರ ಅಳತೆಯೂ ಸರಿಯೇ ಇರುತ್ತದೆ.

ಪತ್ತೆ ಹಚ್ಚುವುದು ಹೀಗೆ. ಬೋರ್ ಮುಗಿದ ಮೇಲೆ, ಜಾ ಬಿಡುವ ಮೊದಲು, ಡಯಲ್ ಹಾಕಿ ಚಕ್ ಕೈಯಲ್ಲಿ ತಿರುಗಿಸಿ. ಮುಳ್ಳು ಅಲುಗದೆ ನಿಲ್ಲುತ್ತದೆ. ಈಗ ರಿಂಗ್ ಬಿಚ್ಚಿ, ಮೂರು ಬಿಂದುವಿನ ಬೋರ್ ಗೇಜ್‌ನಲ್ಲಿ ಒಮ್ಮೆ ಅಳೆದು, ಗೇಜ್ ಅನ್ನು 60 ಡಿಗ್ರಿ ತಿರುಗಿಸಿ ಮತ್ತೆ ಅಳೆಯಿರಿ. ವ್ಯತ್ಯಾಸ ಬಂದರೆ ಮೂರು ಮೂಲೆ ಇದೆ. ಹೊರ ವ್ಯಾಸಕ್ಕೆ ವಿ ಬ್ಲಾಕ್ ಮೇಲಿಟ್ಟು ಡಯಲ್ ಕೆಳಗೆ ತಿರುಗಿಸಿದರೆ ಸಾಕು.

ಪರಿಹಾರಕ್ಕೆ ಮಷೀನ್ ಬಿಚ್ಚಬೇಕಿಲ್ಲ. ಫಿನಿಶ್ ಕಟ್‌ಗೆ ಮೊದಲು ಚಕ್ ಪ್ರೆಷರ್ ಇಳಿಸಿ, ಸಡಿಲಿಸಿ ಮತ್ತೆ ಮೆಲ್ಲಗೆ ಹಿಡಿಯಿರಿ. ಜಾಬನ್ನು ಸುತ್ತಲೂ ಹಿಡಿಯುವ ಅಗಲದ ಸಾಫ್ಟ್ ಜಾ (ಜಾಬಿಗೆ ತಕ್ಕಂತೆ ಕೊಯ್ದುಕೊಳ್ಳುವ ಮೆತ್ತನೆಯ ಜಾ) ಮಾಡಿಕೊಳ್ಳಿ. ಸಾಫ್ಟ್ ಜಾ ಬೋರ್ ಮಾಡುವಾಗ, ಜಾಬ್ ಹಿಡಿಯುವ ಪ್ರೆಷರ್ ಎಷ್ಟೋ ಅಷ್ಟೇ ಪ್ರೆಷರ್‌ನಲ್ಲಿ ಒಂದು ರಿಂಗ್ ಕಚ್ಚಿಸಿ ಬೋರ್ ಮಾಡಿ. ಗಾಳಿಯಲ್ಲಿ ತೆರೆದಿಟ್ಟು ಬೋರ್ ಮಾಡಿದ ಜಾ ಹಿಡಿಯುವಾಗ ಓರೆಯಾಗುತ್ತದೆ. ಒಂದು ಎಚ್ಚರಿಕೆ: ಪ್ರೆಷರ್ ಇಳಿಸಿದ ಮೇಲೆ ಸ್ಪೀಡೂ ಇಳಿಯಬೇಕು. ಜಾಗಳು ತಿರುಗುವಾಗ ಹೊರಕ್ಕೆ ಎಳೆಯಲ್ಪಡುತ್ತವೆ, ಆ ಎಳೆತ ಸ್ಪೀಡಿನ ವರ್ಗದಷ್ಟು ಬೆಳೆಯುತ್ತದೆ. ಸ್ಪೀಡ್ ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ಅಷ್ಟೂ ಹಿಡಿತದಿಂದಲೇ ಕಳೆಯುತ್ತದೆ. ಗ್ರೀಸ್ ಕಾಣದ ಚಕ್‌ನಲ್ಲಿ ಗೇಜ್ ಸರಿಯಾದ ಪ್ರೆಷರ್ ತೋರಿಸುತ್ತಿದ್ದರೂ ಹಿಡಿತ ತುಂಬಾ ಕಡಿಮೆ ಇರುತ್ತದೆ. ಹಾರಿ ಬಂದ ಜಾಬ್‌ಗೆ ಎದುರಿಲ್ಲ. ಬಾಗಿಲಿನ ಪಾಲಿಕಾರ್ಬೊನೇಟ್ ಕಿಟಕಿ ಕೂಡ ಕೂಲಂಟ್ ತಾಗಿ ತಾಗಿ ವರ್ಷ ಕಳೆದಂತೆ ಬಲ ಕಳೆದುಕೊಳ್ಳುತ್ತದೆ. ಬಿರುಕು ಕಂಡರೆ, ಮಂಕಾದರೆ ಬದಲಿಸಿ.

ತೆಳುವಲ್ಲದ ಜಾಬ್ ಓಲಾಡುತ್ತಿದ್ದರೆ ದಾರಿ ಬೇರೆ. ಗ್ರೈಂಡ್ ಮಾಡಿದ ಪಿನ್ ಹಿಡಿದು ಡಯಲ್ ನೋಡಿ, ಆಮೇಲೆ ಚಕ್ ಮೈ ನೋಡಿ, ಆಮೇಲೆ ಚಕ್ ತೆಗೆದು ಸ್ಪಿಂಡಲ್ ನೋಸ್ ನೋಡಿ. ಓಲಾಟ ಎಲ್ಲಿ ನಿಂತಿತೋ ಅದರ ಹಿಂದಿನ ಹಂತದಲ್ಲೇ ದೋಷ ಇದೆ.

## ಫೇಸಿಂಗ್ ಆದ ಮೇಲೆ ನಡುವೆ ಮೊಳಕೆ ಉಳಿಯುತ್ತದೆ

ಫೇಸಿಂಗ್ ಅಂದರೆ ಜಾಬಿನ ತುದಿ ಮುಖ ಕೊಯ್ಯುವುದು. ಟೂಲ್ ಸೆಂಟರ್‌ಗಿಂತ ಕೆಳಗಿದ್ದರೆ ನಡುವೆ ಸಣ್ಣ ಮೊಳಕೆ ಉಳಿಯುತ್ತದೆ. ಮೊಳಕೆಯ ವ್ಯಾಸ ಅಳೆದು ಅರ್ಧ ಮಾಡಿದರೆ ಟೂಲ್ ಎಷ್ಟು ಕೆಳಗಿದೆ ಅಂತ ಸಿಗುತ್ತದೆ. 0.2 ಮಿ.ಮೀ. ಮೊಳಕೆ ಅಂದರೆ 0.1 ಮಿ.ಮೀ. ಕೆಳಗೆ. ಟೂಲ್ ಮೇಲಿದ್ದರೆ ಮೊಳಕೆ ಉಜ್ಜಿ ಮುರಿಯುತ್ತದೆ, ಇನ್ಸರ್ಟ್ ತುದಿಯೂ ಚಿಪ್ ಆಗುತ್ತದೆ.

ಟೂಲ್ ಎತ್ತರ ಮುಟ್ಟುವ ಮೊದಲು ಪ್ರೋಗ್ರಾಂ ನೋಡಿ. ನೋಸ್ ರೇಡಿಯಸ್ 0.8 ಇದ್ದು ಎಕ್ಸ್ ಸೊನ್ನೆಯಲ್ಲೇ ನಿಂತರೆ ಎತ್ತರ ಸರಿಯಿದ್ದರೂ ಸ್ವಲ್ಪ ಉಳಿಯುತ್ತದೆ. ವ್ಯಾಸದ ಲೆಕ್ಕದಲ್ಲಿ ಎಕ್ಸ್ ಮೈನಸ್ 1.6 ವರೆಗೆ ಹೋಗಬೇಕು. ಜಿ96 (ಕಟಿಂಗ್ ಸ್ಪೀಡ್ ಒಂದೇ ಸಮ ಇಡುವ ಕೋಡ್) ಬಳಸುವಾಗ ಟೂಲ್ ನಡುವಿಗೆ ಬಂದಷ್ಟೂ ಸ್ಪಿಂಡಲ್ ಸ್ಪೀಡ್ ಏರುತ್ತದೆ. ನಿಮಿಷಕ್ಕೆ 200 ಮೀಟರ್ ಕಟಿಂಗ್ ಸ್ಪೀಡ್ ಇದ್ದರೆ 100 ಮಿ.ಮೀ. ವ್ಯಾಸದಲ್ಲಿ 637 ಸುತ್ತು, 10 ಮಿ.ಮೀ. ವ್ಯಾಸದಲ್ಲಿ 6,366 ಸುತ್ತು. ಜಿ50 ಕೊಟ್ಟು ಗರಿಷ್ಠ ಸ್ಪೀಡ್ ಕಟ್ಟಿಹಾಕದೆ ಓಡಿಸಬೇಡಿ. ಕೆಲವು ಕಂಟ್ರೋಲ್‌ಗಳಲ್ಲಿ ಅದು ಜಿ92. ಸ್ಪಿಂಡಲ್ ಹಿಂದೆ ಉದ್ದ ಬಾರ್ ಆಧಾರವಿಲ್ಲದೆ ಚಾಚಿದ್ದರಂತೂ ಅದು ಬಾಗಿ ಚಾಟಿಯಂತೆ ಹೊಡೆಯುತ್ತದೆ, ಪ್ರಾಣಕ್ಕೇ ಅಪಾಯ.

## ಫಿನಿಶ್ ಒರಟು

ಗೆರೆಗಳು ಒಂದೇ ಸಮ ಇದ್ದು ಒರಟಾಗಿದ್ದರೆ ಅದು ದೋಷವೇ ಅಲ್ಲ, ಲೆಕ್ಕ. ಫೀಡನ್ನು ಅದರಿಂದಲೇ ಗುಣಿಸಿ, ನೋಸ್ ರೇಡಿಯಸ್‌ನ ಎಂಟರಷ್ಟರಿಂದ ಭಾಗಿಸಿದರೆ ಗೆರೆಯ ಎತ್ತರ ಬರುತ್ತದೆ. ಫೀಡ್ 0.2, ರೇಡಿಯಸ್ 0.8 ಇದ್ದರೆ ಸುಮಾರು 6 ಮೈಕ್ರಾನ್. ಫೀಡ್ 0.1 ಮಾಡಿದರೆ ಒಂದೂವರೆ ಮೈಕ್ರಾನ್.

ಹರಿದಂತೆ, ಕಿತ್ತಂತೆ ಇದ್ದು ಅಲ್ಲಲ್ಲಿ ಹೊಳೆಯುವ ಚುಕ್ಕೆ ಕಂಡರೆ ಲೋಹ ಇನ್ಸರ್ಟ್ ತುದಿಗೆ ಅಂಟಿಕೊಳ್ಳುತ್ತಿದೆ. ಮೆತ್ತನೆಯ ಉಕ್ಕು, ಅಲ್ಯೂಮಿನಿಯಂನಲ್ಲಿ ಇದು ಜಾಸ್ತಿ. ಕಟಿಂಗ್ ಸ್ಪೀಡ್ ಏರಿಸಿ. ಕೂಲಂಟ್ ಸಾಂದ್ರತೆಯೂ ನೋಡಿ, ಹೆಚ್ಚಿನ ಎಣ್ಣೆಗಳಿಗೆ 5 ರಿಂದ 10 ಶೇಕಡಾ ಇರಬೇಕು. ಬೆರೆಸುವಾಗ ನೀರಿಗೆ ಎಣ್ಣೆ ಹಾಕಿ, ಎಣ್ಣೆಗೆ ನೀರು ಹಾಕಬೇಡಿ.

ಉದ್ದ ಚಿಪ್ಸ್ ಜಾಬಿಗೆ ಸುತ್ತಿ ಗೀಚುತ್ತಿದ್ದರೆ ಫೀಡ್ ಅಥವಾ ಕಟ್ ಆಳ ಏರಿಸಿ, ಇಲ್ಲವೇ ಆ ಕಟ್‌ಗೆ ಹೊಂದುವ ಚಿಪ್ ಬ್ರೇಕರ್ ಇನ್ಸರ್ಟ್ ಹಾಕಿ. ಸ್ಪಿಂಡಲ್ ಪೂರ್ತಿ ನಿಂತ ಮೇಲೆ ಕೊಕ್ಕೆಯಿಂದ ತೆಗೆಯಿರಿ. ಕೈಯಿಂದ ಎಳೆಯುವುದು ಬೇಡವೇ ಬೇಡ, ಚಿಪ್ಸ್ ಬ್ಲೇಡ್‌ನಂತೆ ಬೆರಳನ್ನು ಕೊಯ್ಯುತ್ತದೆ.

## ಥ್ರೆಡ್ ಸರಿ ಬರುತ್ತಿಲ್ಲ

ಮೊದಲ ಒಂದೆರಡು ಸುತ್ತು ಮಾತ್ರ ಪಿಚ್ ತಪ್ಪಿದ್ದರೆ ಟೂಲ್‌ಗೆ ವೇಗ ಹಿಡಿಯಲು ಜಾಗ ಸಾಲದು, ಇನ್ನೂ ದೂರದಿಂದ ಶುರು ಮಾಡಿ. ಥ್ರೆಡ್‌ಗೆ ಜಿ96 ಬೇಡ, ಸ್ಪಿಂಡಲ್ ಸುತ್ತು ಒಂದೇ ಸಮ ಇಡುವ ಜಿ97 ಇರಲಿ. ಪಾಸ್‌ಗಳ ನಡುವೆ ಸ್ಪೀಡ್ ಬದಲಿಸಬೇಡಿ. ಇಷ್ಟಾಗಿಯೂ ಪಾಸ್ ಮೇಲೆ ಪಾಸ್ ಕೂರದಿದ್ದರೆ ಸ್ಪಿಂಡಲ್ ಎಷ್ಟು ತಿರುಗಿತು ಅಂತ ಕಂಟ್ರೋಲ್‌ಗೆ ತಿಳಿಸುವ ಎನ್‌ಕೋಡರ್‌ನ ಬೆಲ್ಟ್ ನೋಡಿ.

## ಸೈಕಲ್ ಸ್ಟಾರ್ಟ್ ಒತ್ತಿದರೂ ಓಡುತ್ತಿಲ್ಲ

ಮೊದಲು ಫೀಡ್ ಓವರ್‌ರೈಡ್ ಸೊನ್ನೆಯಲ್ಲಿದೆಯಾ ನೋಡಿ. ಸುಮ್ನೆ ಹೇಳುತ್ತಿಲ್ಲ, ಇದಕ್ಕಾಗಿ ಸರ್ವಿಸ್ ಕರೆದವರಿದ್ದಾರೆ. ಆಮೇಲೆ ಎಮರ್ಜೆನ್ಸಿ ಬಟನ್, ಬಾಗಿಲು, ಚಕ್ ಒಳಹಿಡಿತ ಹೊರಹಿಡಿತ ಸ್ವಿಚ್, ಫುಟ್ ಪೆಡಲ್ ಕೆಳಗೆ ಸಿಕ್ಕಿದ ಚಿಪ್ಸ್. ನಂತರ ಲೂಬ್ ಎಣ್ಣೆ ಮಟ್ಟ, ಹೈಡ್ರಾಲಿಕ್ ಪ್ರೆಷರ್, ಗಾಳಿಯ ಪ್ರೆಷರ್. ಅಲಾರ್ಮ್ ಬಂದಿದ್ದರೆ ರಿಸೆಟ್ ಒತ್ತುವ ಮೊದಲು ನಂಬರ್ ಬರೆದುಕೊಳ್ಳಿ ಅಥವಾ ಫೋಟೋ ತೆಗೆಯಿರಿ.

ಬ್ಯಾಟರಿ ಅಲಾರ್ಮ್ ಬಂದರೆ "ಓಡುತ್ತಿದೆಯಲ್ಲ" ಅಂತ ಮುಂದೂಡಬೇಡಿ. ಆಬ್ಸಲ್ಯೂಟ್ ಎನ್‌ಕೋಡರ್ ಬ್ಯಾಟರಿಯನ್ನು ಕಂಟ್ರೋಲ್ ಆನ್ ಇರುವಾಗಲೇ ಬದಲಿಸಬೇಕು. ಆಫ್ ಮಾಡಿ ತೆಗೆದರೆ ಮಷೀನ್ ತನ್ನ ಸೊನ್ನೆ ಜಾಗ ಮರೆತುಬಿಡುತ್ತದೆ, ಮತ್ತೆ ರೆಫರೆನ್ಸ್ ಹೊಂದಿಸಬೇಕಾಗುತ್ತದೆ. ಪ್ಯಾನೆಲ್ ಒಳಗೆ ಕರೆಂಟ್ ಇರುವುದರಿಂದ ಆ ಕೆಲಸ ಗೊತ್ತಿರುವವರೇ ಮಾಡಲಿ. ಪ್ಯಾರಾಮೀಟರ್ ಬ್ಯಾಕಪ್ ಇವತ್ತೇ ತೆಗೆದಿಡಿ.

ಡ್ರೈವ್ ಬಿಸಿ ಅಲಾರ್ಮ್ ಬಂದರೆ ಫ್ಯಾನ್, ಫಿಲ್ಟರ್ ನೋಡಿ. ಪ್ಯಾನೆಲ್ ಬಾಗಿಲು ತೆರೆದಿಟ್ಟು ಹೊರಗಿನಿಂದ ಫ್ಯಾನ್ ಹಾಕುವ ಅಭ್ಯಾಸ ದಯವಿಟ್ಟು ಬಿಡಿ. ಲೋಹದ ಧೂಳು, ಎಣ್ಣೆಯ ಹೊಗೆ ಒಳಗೆ ಹೋಗಿ ಬೋರ್ಡ್ ಸುಡುತ್ತದೆ. ಸರ್ವೋ ಓವರ್‌ಲೋಡ್ ಬಂದರೆ ಲೋಡ್ ಮೀಟರ್ ನೋಡುತ್ತಾ ಆಕ್ಸಿಸ್ ಮೆಲ್ಲಗೆ ಓಡಿಸಿ. ಒಂದೇ ಜಾಗದಲ್ಲಿ ಲೋಡ್ ಏರಿದರೆ ಅಲ್ಲಿ ಚಿಪ್ಸ್ ಸಿಕ್ಕಿದೆ ಅಥವಾ ಕವರ್ ಉಜ್ಜುತ್ತಿದೆ. ಎಲ್ಲಾ ಕಡೆ ಜಾಸ್ತಿ ಇದ್ದರೆ ಸ್ಲೈಡ್‌ಗೆ ಎಣ್ಣೆ ತಲುಪುತ್ತಿಲ್ಲ. ಟ್ಯಾಂಕ್ ತುಂಬಿದ್ದೂ ಎಣ್ಣೆ ಇಳಿಯುತ್ತಲೇ ಇಲ್ಲ ಅಂದರೆ ಅದು ಒಳ್ಳೆಯ ಸುದ್ದಿ ಅಲ್ಲ, ಎಲ್ಲೋ ದಾರಿ ಕಟ್ಟಿದೆ.

## ಸ್ಪಿಂಡಲ್ ಗೊರಗೊರ ಅನ್ನುತ್ತದೆ, ಬಿಸಿಯಾಗುತ್ತದೆ

ಮೊದಲು ಚಕ್ ಖಾಲಿ ಮಾಡಿ ಓಡಿಸಿ. ಶಬ್ದ ಹೋದರೆ ಜಾಬಿನ ಬ್ಯಾಲೆನ್ಸ್ ತಪ್ಪಿತ್ತು. ಉಳಿದರೆ ಸಪ್ಲೈಗೆ ಬೀಗ ಹಾಕಿ ಬೆಲ್ಟ್ ಬಿಗಿತ, ಬಿರುಕು ನೋಡಿ. ಬೆಲ್ಟ್ ಬಿಚ್ಚಿ ಸ್ಪಿಂಡಲ್ ಕೈಯಲ್ಲಿ ತಿರುಗಿಸಿ. ಮರಳು ಅರೆದಂತೆ, ತಡೆತಡೆದು ತಿರುಗಿದರೆ ಬೇರಿಂಗ್ ಹೋಗಿದೆ. ಗ್ರೀಸ್ ತುಂಬಿ ಮುಚ್ಚಿದ ಬೇರಿಂಗ್ ಇರುವ ಸ್ಪಿಂಡಲ್‌ಗೆ ನೀವೇ ಗ್ರೀಸ್ ಹಾಕಬೇಡಿ. ಗ್ರೀಸ್ ಜಾಸ್ತಿ ಆದರೆ ಬಿಸಿ ಇನ್ನೂ ಏರುತ್ತದೆ.

ಇಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಸ್ಪಿಂಡಲ್ ಬೇರಿಂಗ್ ಬದಲಿಸಲು ಧೂಳಿಲ್ಲದ ಜಾಗ, ಸರಿಯಾದ ಪ್ರೀಲೋಡ್ (ಬೇರಿಂಗನ್ನು ಮೊದಲೇ ಬಿಗಿದಿಡುವ ಒತ್ತಡ), ತಿಳಿದ ಕೈ ಬೇಕು. ಆರ್ಡರ್ ತುರ್ತು ಇದೆ ಅಂತ ಶಬ್ದ ಮಾಡುವ ಸ್ಪಿಂಡಲ್ ಓಡಿಸುತ್ತಾ ಹೋದರೆ ಬೇರಿಂಗ್ ಜೊತೆ ಶಾಫ್ಟೂ ಹಾಳಾಗುತ್ತದೆ.

## ಡಿಕ್ಕಿ ಆದ ಮೇಲೆ

ಟೂಲ್ ಚಕ್‌ಗೆ ಹೊಡೆಯಿತು. ಗಾಬರಿಯಲ್ಲಿ ಇನ್ಸರ್ಟ್ ಬದಲಿಸಿ ಮತ್ತೆ ಸ್ಟಾರ್ಟ್ ಒತ್ತಬೇಡಿ. ಹೊಡೆಸಿದ ಹುಡುಗನನ್ನು ಬೈಯಲೂಬೇಡಿ. ಬೈಗುಳಕ್ಕೆ ಹೆದರಿದವನು ಮುಂದಿನ ಸಲ ಮುಚ್ಚಿಡುತ್ತಾನೆ. ಮುಚ್ಚಿಟ್ಟ ಡಿಕ್ಕಿಯ ಮೇಲೆ ಇನ್ನೊಬ್ಬ ಮಷೀನ್ ಓಡಿಸುತ್ತಾನೆ.

ಮೊದಲು ಜಾ, ಜಾ ಬೋಲ್ಟ್, ಟಿ ನಟ್, ಚಕ್ ಬೋಲ್ಟ್ ನೋಡಿ. ಬಿರುಕು ಅನುಮಾನ ಬಂದ ಜಾ ಮತ್ತೆ ಹಾಕಬೇಡಿ. ಚಕ್ ಮೈ ಮತ್ತು ಸ್ಪಿಂಡಲ್ ನೋಸ್‌ಗೆ ಡಯಲ್ ಹಾಕಿ ತಿರುಗಿಸಿ. ನಂತರ ಡಯಲ್ ಅನ್ನು ಸ್ಪಿಂಡಲ್‌ಗೆ ಕಟ್ಟಿ, ಟರೆಟ್‌ನ ಬೋರಿಂಗ್ ಹೋಲ್ಡರ್ ರಂಧ್ರದ ಒಳಗೆ ಸುತ್ತಲೂ ಆಡಿಸಿ. ಮೇಲೆ ಕೆಳಗೆ ವ್ಯತ್ಯಾಸ ಬಂದರೆ ಟರೆಟ್ ತಿರುಗಿ ಕೂತಿದೆ. ಡ್ರಿಲ್ ರಂಧ್ರ ದೊಡ್ಡದಾಗಿ ಬರುವುದು, ಫೇಸಿಂಗ್‌ನಲ್ಲಿ ಮೊಳಕೆ ಉಳಿಯುವುದು ಇದರ ಗುರುತು. ಎಷ್ಟೋ ಮಷೀನ್‌ಗಳಲ್ಲಿ ಟರೆಟ್ ಬೋಲ್ಟ್, ಡೋವೆಲ್ ಸಡಿಲಿಸಿ ಮತ್ತೆ ಹೊಂದಿಸಬಹುದು, ಮ್ಯಾನ್ಯುಯಲ್‌ನಲ್ಲಿ ಕ್ರಮ ಇರುತ್ತದೆ. ಸ್ಪಿಂಡಲ್ ನೋಸ್‌ನಲ್ಲೇ ಓಲಾಟ 0.01 ಮಿ.ಮೀ. ದಾಟಿದರೆ, ಅಥವಾ ಆಕ್ಸಿಸ್ ಓಡುವಾಗ ಹೊಸ ಶಬ್ದ ಬಂದರೆ ಮಷೀನ್ ನಿಲ್ಲಿಸಿ ಕರೆ ಮಾಡಿ.

ಕರೆ ಮಾಡುವಾಗ ಯಾವ ಟೂಲ್, ಯಾವ ಆಕ್ಸಿಸ್, ಕೊಯ್ಯದೆ ವೇಗವಾಗಿ ಸರಿಯುವ ರ‍್ಯಾಪಿಡ್‌ನಲ್ಲೋ ಫೀಡ್‌ನಲ್ಲೋ, ಯಾವ ಅಲಾರ್ಮ್, ಡಯಲ್ ಎಷ್ಟು ತೋರಿಸಿತು, ಇಷ್ಟನ್ನೂ ಹೇಳಿ. ಬರುವ ಎಂಜಿನಿಯರ್ ಬೇಕಾದ ಭಾಗವನ್ನು ಕೈಯಲ್ಲಿ ಹಿಡಿದೇ ಬರುತ್ತಾರೆ. ಎಲ್ಲಾ ಸರಿ ಬಂದರೆ ಹಳೆಯ ಆಫ್‌ಸೆಟ್ ನಂಬದೆ ಪ್ರತಿ ಟೂಲ್ ಮತ್ತೆ ಮುಟ್ಟಿಸಿ. ರ‍್ಯಾಪಿಡ್ 25 ಶೇಕಡಾ ಇಟ್ಟು, ಪ್ರೋಗ್ರಾಂನ ಒಂದೊಂದೇ ಸಾಲು ಓಡಿಸುವ ಸಿಂಗಲ್ ಬ್ಲಾಕ್‌ನಲ್ಲಿ, ಬೆರಳು ಫೀಡ್ ಹೋಲ್ಡ್ ಮೇಲಿಟ್ಟು ಮೊದಲ ಜಾಬ್ ಓಡಿಸಿ.